ದಸರಾ ರಜೆಯಲ್ಲಿ ಮಕ್ಕಳಿಗೆ ಕೋಲಾಟದ ಪಾಠ



ದಸರೆಗೆ ಶಾಲೆಯ ಬಾಗಿಲು ಮುಚ್ಚುತ್ತದೆ. ಹೊಲದ ಕೆಲಸಕ್ಕೆ ಮಾತ್ರ ರಜೆಯಿಲ್ಲ. ಕೆಲವು ಸೀಮೆಗಳಲ್ಲಿ ರಾಗಿ ತೆನೆಗಟ್ಟುವ ಕಾಲ, ಕೆಲವು ಕಡೆ ಹಿಂಗಾರು ಬಿತ್ತನೆಯ ಗಡಿಬಿಡಿ. ನೀವಿಬ್ಬರೂ ಹೊಲಕ್ಕೆ ಹೋದಾಗ ಮಗು ಏನು ಮಾಡುತ್ತದೆ? ಒಂದು ಕೆರೆಯ ಏರಿಯ ಮೇಲೆ ಅಲೆಯುತ್ತದೆ, ಇನ್ನೊಂದು ಮೊಬೈಲು ಹಿಡಿದು ಮೂಲೆ ಸೇರುತ್ತದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಆ ಒಂದು ಗಂಟೆಯನ್ನು ಕೋಲಾಟಕ್ಕೆ ಕೊಡಿ. ಇದಕ್ಕೆ ಹಣ ಬೇಡ. ನಿಮ್ಮ ಊರಿನಲ್ಲಿ ಕೋಲಾಟ ಬಲ್ಲ ಹಿರಿಯರೊಬ್ಬರು ಇದ್ದರೆ ಸಾಕು. ಅವರ ಕಾಲಿನಲ್ಲಿರುವ ಹೆಜ್ಜೆ ಮಕ್ಕಳ ಕಾಲಿಗೆ ಬಾರದೆ ಹೋದರೆ ಅದು ಅವರೊಂದಿಗೇ ಮುಗಿಯುತ್ತದೆ.

ಸ್ಥಳ ಮತ್ತು ಹೊತ್ತು

ಊರಿನ ಎಲ್ಲ ಮನೆಗಳ ಮಕ್ಕಳೂ ಯಾರನ್ನೂ ಕೇಳದೆ ಬರಬಹುದಾದ ಜಾಗವನ್ನೇ ಆರಿಸಬೇಕು. ಶಾಲೆಯ ಅಂಗಳ ಒಳ್ಳೆಯದು. ಯಾವುದಾದರೂ ಕೇರಿಯ ಮಕ್ಕಳು ಕಾಲಿಡಲು ಅಂಜುವ ಜಗಲಿಯಾಗಲಿ ಗುಡಿಯ ಮುಂದಾಗಲಿ ಬೇಡ. ಕಲ್ಲು ಮುಳ್ಳು ಆರಿಸಿ ನೆಲ ಗುಡಿಸಿರಿ. ಸಂಜೆ ಐದಕ್ಕೆ ಆರಂಭಿಸಿ ಆರಕ್ಕೆ ಮುಗಿಸಿದರೆ ಮಕ್ಕಳು ಬೆಳಕಿರುವಾಗಲೇ ಮನೆ ಸೇರುತ್ತಾರೆ.

ಕೋಲು

ಬಿದಿರು ಅಥವಾ ಗಟ್ಟಿ ಕಟ್ಟಿಗೆಯಾಗಬಹುದು. ಮಗುವಿನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಎಷ್ಟುದ್ದವೋ ಅಷ್ಟೇ ಕೋಲಿನ ಉದ್ದ. ಅಂದರೆ ಪ್ರತಿ ಮಗುವಿಗೂ ಅದರದೇ ಮೊಳದ ಅಳತೆ. ದಪ್ಪ ಹೆಬ್ಬೆರಳಿನಷ್ಟಿರಲಿ. ತುದಿಗಳನ್ನು ದುಂಡಗೆ ಮಾಡಿ, ಸಿಬಿರು ಉಳಿಯದಂತೆ ಉಪ್ಪುಕಾಗದದಿಂದ ತಿಕ್ಕಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಕೋಲು ಕೊಡಬೇಡಿ. ಅವರು ಚಪ್ಪಾಳೆಯಲ್ಲೇ ಆಡಲಿ.

ಹತ್ತು ದಿನದ ಪಾಠ

1ನೇ ಮತ್ತು 2ನೇ ದಿನ: ಕೆರೆ-ದಡ ಆಟ. ನೆಲದ ಮೇಲೆ ದೊಡ್ಡ ಸುತ್ತು ಬರೆಯಿರಿ. ಒಳಗೆ ಕೆರೆ, ಹೊರಗೆ ದಡ. ಒಬ್ಬರು ಕೂಗಿದಂತೆ ಮಕ್ಕಳು ಜಿಗಿಯಬೇಕು. ತಪ್ಪಿದ ಮಗುವನ್ನು ಆಟದಿಂದ ಹೊರಹಾಕುವುದು ರೂಢಿ. ಇಲ್ಲಿ ಹಾಗೆ ಮಾಡದೆ, ತಪ್ಪಿದವರಿಗೇ ಕೂಗುವ ಕೆಲಸ ಕೊಡಿ. ಕಾಲು ಚುರುಕಾಗುತ್ತದೆ, ಸಂಕೋಚದ ಮಗುವಿಗೂ ಬಾಯಿ ಬರುತ್ತದೆ.

3ನೇ ಮತ್ತು 4ನೇ ದಿನ: ಕೋಲಿಲ್ಲದೆ ತಾಳ. ಒಂದರಿಂದ ಎಂಟರವರೆಗೆ ಎಣಿಸುತ್ತ ಚಪ್ಪಾಳೆ ತಟ್ಟಿ, ಪ್ರತಿ ಎಣಿಕೆಗೆ ಒಂದು ಹೆಜ್ಜೆ ಹಾಕಿಸಿರಿ. ಹಿರಿಯರು ತಮಗೆ ಬರುವ ಪದವೊಂದನ್ನು ಹೇಳಲಿ, ಮಕ್ಕಳು ಸೊಲ್ಲು ಹಿಡಿಯಲಿ.

5ನೇ ಮತ್ತು 6ನೇ ದಿನ: ಇಬ್ಬಿಬ್ಬರನ್ನು ಎದುರುಬದುರಾಗಿ ನಿಲ್ಲಿಸಿ ಕೋಲು ಕೊಡಿ. 1, 3, 5 ಮತ್ತು 7ಕ್ಕೆ ತಮ್ಮ ಎರಡು ಕೋಲುಗಳನ್ನು ತಾವೇ ತಟ್ಟಿಕೊಳ್ಳಬೇಕು. 2ಕ್ಕೆ ಬಲಗೋಲು ಎದುರಿನವರ ಬಲಗೋಲಿಗೆ, 4ಕ್ಕೆ ಎಡಗೋಲು ಎಡಗೋಲಿಗೆ, 6ಕ್ಕೆ ಎರಡೂ ಕೋಲು ಎರಡಕ್ಕೂ ತಾಗಬೇಕು. 8ಕ್ಕೆ ಸುಮ್ಮನಿರಬೇಕು. ಹೊಡೆತ ಎದೆಯ ಮಟ್ಟದಲ್ಲಿರಲಿ. ಮುಖದ ಎತ್ತರಕ್ಕೆ ಹೋಗಲೇಕೂಡದು.

7ನೇ ಮತ್ತು 8ನೇ ದಿನ: ಈಗ ಸುತ್ತು. ಹದಿನಾರು ಮಕ್ಕಳಿದ್ದರೆ ಎಂಟು ಜನ ಒಳಸುತ್ತು, ಎಂಟು ಜನ ಹೊರಸುತ್ತು. 8ರ ಎಣಿಕೆಗೆ ಹೊರಸುತ್ತಿನವರು ಬಲಕ್ಕೆ ಸರಿದು ಮುಂದಿನ ಮಗುವಿನ ಎದುರು ನಿಲ್ಲಬೇಕು. ಒಳಸುತ್ತಿನವರು ಕದಲಬಾರದು. ಎಂಟು ಸಲ ಸರಿದರೆ ಮೊದಲಿನ ಜೋಡಿಯೇ ಮತ್ತೆ ಎದುರಾಗುತ್ತದೆ. ಮರುದಿನ ಒಳಗಿನ ನಾಲ್ವರನ್ನು ಹೊರಕ್ಕೂ ಹೊರಗಿನ ನಾಲ್ವರನ್ನು ಒಳಕ್ಕೂ ಬದಲಿಸಿರಿ.

9ನೇ ದಿನ: ಮಹಾನವಮಿ. ನೇಗಿಲು, ಕುಡುಗೋಲುಗಳ ಪಕ್ಕದಲ್ಲಿ ಕೋಲುಗಳನ್ನೂ ಇಡಿ. ಮಕ್ಕಳಿಗೆ ವಿಶ್ರಾಂತಿ.

10ನೇ ದಿನ: ವಿಜಯದಶಮಿ. ಬನ್ನಿ ಹಂಚಲು ಜನ ಸೇರುವ ಹೊತ್ತಿನಲ್ಲಿ ಮಕ್ಕಳ ಕೋಲಾಟವಾಗಲಿ.

ಈ ಸುತ್ತಿನ ಒಳಗುಟ್ಟು

ಹೊರಸುತ್ತಿನ ಪ್ರತಿ ಮಗುವಿನ ಕೋಲು ಒಳಸುತ್ತಿನ ಎಂಟೂ ಮಕ್ಕಳ ಕೋಲಿಗೆ ತಾಗುತ್ತದೆ. ಒಬ್ಬರನ್ನು ಬಿಟ್ಟು ಮುಂದಕ್ಕೆ ಹೋಗಲು ಬರುವುದಿಲ್ಲ. ಬಿಟ್ಟರೆ ತಾಳ ಮುರಿಯುತ್ತದೆ. ಮೇಲಿನ ಕೇರಿಯ ಮಗು, ಕೆಳಗಿನ ಕೇರಿಯ ಮಗು, ಗಂಡು, ಹೆಣ್ಣು, ಯಾವ ದೇವರಿಗೆ ಕೈಮುಗಿಯುವ ಮನೆಯದಾದರೂ ಸರಿ, ಎಲ್ಲರೂ ಎದುರಾಗಲೇಬೇಕು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾನೂನು 1955ರಲ್ಲಿ ಬಂತು. ಆದರೂ ಊರಿನ ಸಾಲುಗಳಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬ ಲೆಕ್ಕ ಪೂರ್ತಿ ಅಳಿದಿದೆಯೇ ಎಂಬುದನ್ನು ನೀವೇ ನಿಮ್ಮ ಮನಸ್ಸಿಗೆ ಕೇಳಿಕೊಳ್ಳಿ. ಮಕ್ಕಳಿಗೆ ಆ ಲೆಕ್ಕ ಹುಟ್ಟಿನಿಂದ ಬರುವುದಿಲ್ಲ. ನಮ್ಮನ್ನು ನೋಡಿ ಕಲಿಯುತ್ತಾರೆ. ಆದ್ದರಿಂದ "ಅವರ ಮಕ್ಕಳಿಗೆ ಬೇರೆ ಸುತ್ತು ಮಾಡಿ" ಎಂಬ ಮಾತು ಬಂದರೆ, ಅಲ್ಲೇ ಕುಳಿತು ಹಿರಿಯರೊಡನೆ ಮಾತಾಡಿ ಒಪ್ಪಿಸಿರಿ. ಕುಡಿಯುವ ನೀರು ಒಂದೇ ಕೊಡದ್ದಿರಲಿ, ಎಲ್ಲರೂ ಅದರಿಂದಲೇ ಕುಡಿಯಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ದೊಡ್ಡವಳಾದಳೆಂದು ಮಗಳನ್ನು ಸುತ್ತಿನಿಂದ ಎಳೆದುಕೊಳ್ಳಬೇಡಿ. ಅಂಗನವಾಡಿ ಕಾರ್ಯಕರ್ತೆಯರಾಗಲಿ ಮಹಿಳಾ ಸಂಘದ ತಾಯಂದಿರಾಗಲಿ ದಿನಕ್ಕೊಬ್ಬರಂತೆ ಅಲ್ಲಿ ಕುಳಿತರೆ ನಿಮ್ಮ ಆತಂಕವೂ ತಗ್ಗುತ್ತದೆ. ಕಾಲಿಗೆ ಊನವಿರುವ ಮಗುವನ್ನು ಸುತ್ತಿನ ನಡುವೆ ಕೂರಿಸಿ ತಾಳ ಕೊಡಿ. ಆಟ ಅದರ ಕೈಯಲ್ಲೇ ನಡೆಯುತ್ತದೆ.

ಕೊಡಗಿನಲ್ಲಿ ಭತ್ತದ ಹೊಸ ಫಸಲಿನ ಹುತ್ತರಿ ಹಬ್ಬ ಬಂದಾಗ ಊರ ಮಂದಿನಲ್ಲಿ ಕೋಲಾಟ ನಡೆಯುತ್ತದೆ. ದುಡಿಯುವ ಜನರ ಹಬ್ಬದಲ್ಲಿ ಕುಣಿತಕ್ಕೆ ಎಂಥ ಜಾಗವಿದೆ ಎಂಬುದಕ್ಕೆ ಇದೊಂದು ಸಾಕ್ಷಿ. ನಿಮ್ಮ ಊರಿಗೂ ಅದು ಹೊಸದಲ್ಲ, ಮರೆತದ್ದಷ್ಟೇ.

ಇಂದು ಸಂಜೆ ಹೊಲದಿಂದ ಬರುವಾಗ ಕೋಲಾಟ ಬಲ್ಲ ಆ ಹಿರಿಯರ ಮನೆಗೆ ಹೋಗಿ, "ಅಜ್ಜಾ, ನಮ್ಮ ಮಕ್ಕಳಿಗೆ ನಾಲ್ಕು ಹೆಜ್ಜೆ ಹೇಳಿಕೊಡಿ" ಎಂದು ಕೇಳಿರಿ. ಮುಂದಿನದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.