ಔಷಧವನ್ನು ಹೊತ್ತ ಜೆಲ್

ರೋಗಿಗೆ ಔಷಧವನ್ನು ಕೊಡುವುದು ಸುಲಭ. ಅದನ್ನು ಬೇಕಾದಷ್ಟು ದಿನ, ಬೇಕಾದಷ್ಟೇ ಪ್ರಮಾಣದಲ್ಲಿ ಒದಗಿಸುತ್ತಿರುವುದು ಕಷ್ಟ. ಗುಳಿಗೆಯನ್ನು ನುಂಗಿದ ಬಳಿಕ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ, ಮತ್ತೆ ಇಳಿಯುತ್ತದೆ. ಮಿತಿಮೀರಿ ಏರಿದರೆ ಅದೇ ವಿಷವಾಗಬಹುದು. ತೀರ ಇಳಿದರೆ ರೋಗಕ್ಕೆ ನಾಟದೆ ಹೋಗಬಹುದು. ಇದನ್ನು ತಪ್ಪಿಸಲು ಔಷಧವನ್ನು ಜೆಲ್ಲಿನೊಳಗೆ ಅಡಗಿಸಿ ದೇಹದಲ್ಲಿಯೇ ಇರಿಸುವ ಉಪಾಯವೊಂದುಂಟು. ಆ ಜೆಲ್ ಔಷಧವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಟ್ಟು, ಕೊನೆಗೆ ತಾನೂ ಇಲ್ಲವಾಗಬೇಕು.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್ ಎಂಬ ಔಷಧವನ್ನು ನೋಡೋಣ. ನುಂಗಿದರೆ ಇದು ಆಹಾರದಂತೆಯೇ ಜೀರ್ಣವಾಗಿಬಿಡುತ್ತದೆ. ಆದಕಾರಣ ಮೊದಲಲ್ಲಿ ದಿನವೂ ಚುಚ್ಚುಮದ್ದು ಬೇಕಾಗುತ್ತಿತ್ತು. 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಲಿಗಾರ್ಡ್ ಎಂಬ ಮದ್ದಿನಲ್ಲಿ ಈ ಔಷಧವನ್ನು ಪಾಲಿಮರಿನ ದ್ರಾವಣದೊಡನೆ ಬೆರೆಸಿ ಚರ್ಮದ ಅಡಿಗೆ ಚುಚ್ಚುತ್ತಾರೆ. ಅಲ್ಲಿ ದ್ರಾವಕವು ಸುತ್ತಲೂ ಹರಡಿಹೋಗಿ, ಅದರ ಸ್ಥಳಕ್ಕೆ ದೇಹದ ನೀರು ಬರುತ್ತದೆ. ನೀರಿನಲ್ಲಿ ಕರಗದ ಪಾಲಿಮರ್ ಜೆಲ್ಲಿನಂತೆ ಹೆಪ್ಪುಗಟ್ಟಿ, ಕ್ರಮೇಣ ಗಟ್ಟಿಯಾಗಿ, ಔಷಧವನ್ನು ಸೆರೆಹಿಡಿಯುತ್ತದೆ. ಹೆಪ್ಪುಗಟ್ಟುವ ಮುನ್ನವೇ ಸ್ವಲ್ಪ ಔಷಧ ನುಸುಳಿಹೋಗುವುದೂ ಉಂಟು.

ಮುಂದೆ ಈ ಗಡ್ಡೆ ಹೇಗೆ ಮಾಯವಾಗುತ್ತದೆ? ಕರಗುತ್ತದೆ ಎಂದು ವಾಡಿಕೆಯಲ್ಲಿ ಹೇಳುತ್ತೇವೆ; ಆದರೆ ಆ ಮಾತು ಪೂರ್ಣವಾಗಿ ಸರಿಯಲ್ಲ. ಕರಗಿದ ಮೇಲೂ ಸಕ್ಕರೆಯ ಅಣು ಸಕ್ಕರೆಯೇ ಆಗಿರುತ್ತದೆ. ಇಲ್ಲಿಯಾದರೋ ಅಣುವೇ ತುಂಡಾಗುತ್ತದೆ. ಮೊಸರಿಗೆ ಹುಳಿಯನ್ನು ಕೊಡುವ ಲ್ಯಾಕ್ಟಿಕ್ ಆಮ್ಲ, ಕಬ್ಬಿನ ಹಾಲಿನಲ್ಲಿರುವ ಗ್ಲೈಕೋಲಿಕ್ ಆಮ್ಲ, ಇವೆರಡನ್ನು ಸರಪಣಿಯಂತೆ ಪೋಣಿಸಿದುದೇ ಈ ಪಾಲಿಮರ್. ನೀರು ಒಳಹೊಕ್ಕು ಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಹೊರಬಿದ್ದ ಆಮ್ಲಗಳನ್ನು ದೇಹವು ಕೊನೆಗೆ ನೀರು ಮತ್ತು ಇಂಗಾಲದ ಡೈ ಆಕ್ಸೈಡುಗಳನ್ನಾಗಿ ಮಾರ್ಪಡಿಸುತ್ತದೆ. ಲ್ಯಾಕ್ಟಿಕ್ ಭಾಗ ನೀರನ್ನು ಅಷ್ಟಾಗಿ ಹತ್ತಿರ ಸೇರಿಸದು. ಅದು ಹೆಚ್ಚಿದಷ್ಟೂ ಗಡ್ಡೆಯ ಆಯುಷ್ಯ ಹೆಚ್ಚು. ಆದ್ದರಿಂದಲೇ ಒಂದು ತಿಂಗಳ ಮದ್ದಿನಲ್ಲಿ ಎರಡೂ ಭಾಗಗಳು ಸಮವಾಗಿದ್ದರೆ, ಆರು ತಿಂಗಳ ಮದ್ದಿನಲ್ಲಿ ನೂರಕ್ಕೆ 85 ಪಾಲು ಲ್ಯಾಕ್ಟಿಕ್ ಇರುತ್ತದೆ.

ಸವೆಯುವ ರೀತಿಯೂ ಎಲ್ಲ ಪಾಲಿಮರುಗಳಲ್ಲಿ ಒಂದೇ ಅಲ್ಲ. ಸಾಬೂನಿನ ಬಿಲ್ಲೆ ಹೊರಗಿನಿಂದ ಸವೆದು ತೆಳ್ಳಗಾಗುತ್ತದೆ. ಸುಡದ ಮಣ್ಣಿನ ಇಟ್ಟಿಗೆ ನೀರಿನಲ್ಲಿ ನೆನೆದು ಒಳಗೂ ಹೊರಗೂ ಸಡಿಲಗೊಂಡು ಒಮ್ಮೆಗೇ ಕುಸಿಯುತ್ತದೆ. ಮಿದುಳಿನ ಗೆಡ್ಡೆಯನ್ನು ತೆಗೆದ ಕುಳಿಯಲ್ಲಿ ಇರಿಸುವ, 1996ರಲ್ಲಿ ಅನುಮತಿ ದೊರೆತ ಗ್ಲಿಯಾಡೆಲ್ ಬಿಲ್ಲೆಗಳು ಬಹುಮಟ್ಟಿಗೆ ಸಾಬೂನಿನ ಜಾತಿಯವು. ರಾಬರ್ಟ್ ಲ್ಯಾಂಗರ್ ಮತ್ತು ಹೆನ್ರಿ ಬ್ರೆಮ್ ಅವರ ಶ್ರಮ ಅವುಗಳ ಹಿಂದಿದೆ. ಲ್ಯೂಪ್ರೊಲೈಡಿನ ಗಡ್ಡೆಯಾದರೋ ಇಟ್ಟಿಗೆಯ ಜಾತಿಯದು. ಅದರಲ್ಲಿ ಇನ್ನೊಂದು ತೊಡಕೂ ಇದೆ. ನಡುಭಾಗದಲ್ಲಿ ಹುಟ್ಟಿದ ಆಮ್ಲ ಹೊರಬರಲಾರದೆ ಅಲ್ಲಿಯೇ ಸಿಕ್ಕಿಕೊಂಡು, ಉಳಿದ ಕೊಂಡಿಗಳು ಇನ್ನಷ್ಟು ಬೇಗ ಕಡಿಯುವಂತೆ ಮಾಡುತ್ತದೆ. ಹೀಗೆ ಹೊರಗಿನ ತೊಗಟೆ ಗಟ್ಟಿಯಾಗಿರುವಾಗಲೇ ಒಳಗು ಟೊಳ್ಳಾಗಬಹುದು. ಇಂತಹ ಪಾಲಿಮರಿನಲ್ಲಿ ಪ್ರೋಟೀನು ಔಷಧವನ್ನು ಇರಿಸಿದರೆ ಆ ಆಮ್ಲದಿಂದ ಅದು ಕೆಟ್ಟೀತು. ಅದಕ್ಕಾಗಿ ಕೆಲವರು ಪಾಲಿಮರಿನೊಳಗೆ ಮೆಗ್ನೀಷಿಯಂ ಹೈಡ್ರಾಕ್ಸೈಡನ್ನು ಬೆರೆಸಿ ನೋಡಿದ್ದಾರೆ. ಹೊಟ್ಟೆಯುರಿಗೆ ನಾವು ಕುಡಿಯುವ ಬಿಳಿಯ ಮದ್ದಿನಲ್ಲಿರುವುದೂ ಅದೇ.