ಕಾಲಿನ ಹೆಬ್ಬೆಟ್ಟಿನ ಉಗುರು

ನಾವು ಕೈ ಹೆಬ್ಬೆಟ್ಟು ಒತ್ತೋದು ಬಿಟ್ಟೆವು. ಸಹಿ ಮಾಡೋದು ಕಲಿತೆವು. ಇವತ್ತು ಕಾಲಿನ ಹೆಬ್ಬೆಟ್ಟಿನ ವಿಷಯ ಓದೋಣ.

ವರವು ಕಾವಲ್ ಕಡೆಯ ನಾವು ಕಾಲು ನಂಬಿ ಬದುಕೋರು. ಕುರಿ ಹಿಂದೆ ನಡೆಯಬೇಕು. ಶೇಂಗಾ ಹೊಲದಲ್ಲಿ ಕಳೆ ತೆಗೆಯಬೇಕು. ಕಾಲು ನೋಯ್ತು ಅಂದರೆ ಆ ದಿನದ ಕೂಲಿ ಹೋಯ್ತು.

ಕೆಲವರಿಗೆ ಹೆಬ್ಬೆಟ್ಟಿನ ಉಗುರಿನ ಮೂಲೆ ಪಕ್ಕದ ಮಾಂಸಕ್ಕೆ ಚುಚ್ಚಿಕೊಂಡು ಬೆಳೆಯುತ್ತೆ. ಆ ಜಾಗ ಕೆಂಪಾಗುತ್ತೆ, ಊದುತ್ತೆ. ಆಮೇಲೆ ಕೀವು ತುಂಬುತ್ತೆ. ಇದನ್ನೂ ನಾವು ಉಗುರುಸುತ್ತು ಅಂತಲೇ ಕರೆಯುತ್ತೇವೆ. ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ!

ಇದು ಯಾರ ದೃಷ್ಟಿಯೂ ಅಲ್ಲ. ಬಿಗಿ ಚಪ್ಪಲಿ, ಬಿಗಿ ಶೂ ಹಾಕಿದರೆ ಬರುತ್ತೆ. ಎಡವಿ ಪೆಟ್ಟಾದರೂ ಬರುತ್ತೆ. ಆದರೆ ಹೆಚ್ಚಾಗಿ ಬ್ಲೇಡೇ ಕಾರಣ. ಉಗುರಿನ ಮೂಲೆಯನ್ನು ಆಳಕ್ಕೆ ಕೊಯ್ಯುತ್ತೇವೆ. ಒಳಗೆ ಒಂದು ಚೂರು ಉಳಿಯುತ್ತೆ. ಅದು ಜಾಲಿ ಮುಳ್ಳಿನ ಹಾಗೆ ಮಾಂಸಕ್ಕೆ ನುಗ್ಗುತ್ತೆ. ನೋವು ಅಂತ ಮತ್ತೆ ಕೊಯ್ಯುತ್ತೇವೆ. ಎರಡು ದಿನ ಹಾಯ್ ಅನ್ಸುತ್ತೆ. ಬೆಳೆದಾಗ ಇನ್ನೂ ಆಳಕ್ಕೆ ಚುಚ್ಚುತ್ತೆ.

ಹಾಗಾದರೆ ಏನು ಮಾಡೋಣ?

ಶುರುವಿನಲ್ಲೇ ಆದರೆ ಮನೆಯಲ್ಲೇ ಗುಣವಾಗಬಹುದು. ಬೆಚ್ಚಗಿನ ನೀರಿಗೆ ಒಂದು ಚಮಚ ಉಪ್ಪು ಹಾಕಿ. 15 ನಿಮಿಷ ಕಾಲು ಇಟ್ಟುಕೊಳ್ಳಿ. ದಿನಕ್ಕೆ 3 ಸಲ. ಆಮೇಲೆ ಚೆನ್ನಾಗಿ ಒರೆಸಿ. ಕೈ ತೊಳೆದು, ಶುದ್ಧವಾದ ಹತ್ತಿಯನ್ನು ಸಣ್ಣ ಬತ್ತಿಯ ಹಾಗೆ ಹೊಸೆದು ಉಗುರಿನ ಮೂಲೆ ಕೆಳಗೆ ಮೆಲ್ಲಗೆ ಇಡಿ. ದಿನಾ ಹೊಸ ಹತ್ತಿ ಇಡಬೇಕು. ಬೆರಳು ಒತ್ತದ ಚಪ್ಪಲಿ ಹಾಕಿ. ಊತ ಪಕ್ಕದ ಬೆರಳಿಗೂ ಬಂದರೆ ಕಾಲುಂಗುರ ತೆಗೆದಿಡಿ. ಅತ್ತೆ ಬೈದರೆ ಈ ಪಾಠ ಓದಿ ಹೇಳಿ.

ಸಗಣಿ, ಮಣ್ಣು ಮಾತ್ರ ಹಚ್ಚಲೇಬೇಡಿ. ಅದರಿಂದ ಧನುರ್ವಾಯು ಬರಬಹುದು. ಅದು ಜೀವ ತೆಗೆಯೋ ಕಾಯಿಲೆ.

ಕೀವು ಬಂದರೆ, ಜ್ವರ ಬಂದರೆ, ಕೆಂಪು ಮೇಲಕ್ಕೆ ಹರಡಿದರೆ ಕಾಯಬಾರದು. ಚಳ್ಳಕೆರೆಯಲ್ಲೂ ಮೊಳಕಾಲ್ಮುರಿನಲ್ಲೂ ತಾಲ್ಲೂಕು ಆಸ್ಪತ್ರೆ ಇದೆ. ಸಕ್ಕರೆ ಕಾಯಿಲೆ ಇರೋರು ಮನೆಮದ್ದು ಮಾಡೋದೇ ಬೇಡ. ಅವರ ಕಾಲಿಗೆ ಬಿಸಿ, ನೋವು ಸರಿಯಾಗಿ ಗೊತ್ತಾಗದೆ ಇರಬಹುದು. ಸಣ್ಣ ಹುಣ್ಣು ಕೊಳೆತು ಬೆರಳನ್ನೇ ತೆಗೆಯೋ ಹಾಗಾಗಬಹುದು. ಅವರು ಮೊದಲ ದಿನವೇ ಡಾಕ್ಟರಿಗೆ ತೋರಿಸಬೇಕು.

ಡಾಕ್ಟರು ಬೆರಳಿಗೆ ಮರಗಟ್ಟಿಸೋ ಇಂಜೆಕ್ಷನ್ ಕೊಡುತ್ತಾರೆ. ಚುಚ್ಚಿದ ಬದಿಯ ಉಗುರನ್ನಷ್ಟೇ ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಅವತ್ತೇ ಮನೆಗೆ ಬರಬಹುದು. ಗಾಯ ಮಾಯೋವರೆಗೆ ಹಟ್ಟಿಯ ಗೊಬ್ಬರ ತುಳಿಯಬೇಡಿ.

ಇನ್ನು ಮೇಲೆ ಉಗುರನ್ನು ನೆಟ್ಟಗೆ, ಅಡ್ಡಕ್ಕೆ ಕತ್ತರಿಸೋಣ. ಸ್ನಾನ ಆದ ಮೇಲೆ ಉಗುರು ಮೆತ್ತಗಿರುತ್ತೆ. ಬೆರಳಿನ ತುದಿಗಿಂತ ಗಿಡ್ಡ ಮಾಡೋದು ಬೇಡ. ಮೂಲೆಗೆ ಕೈ ಹಾಕೋದು ಬೇಡ.