ಹೆಣ್ಣಿನ ಕಡೆಯವರು ಬರುವ ದಿನ ಸೈನಿಕರನ್ನು ಅಟ್ಟಕ್ಕೆ ಹಾಕಬೇಕೆ?

ಪ್ರಶ್ನೆ: ನನಗೆ 29 ವರ್ಷ. ಎಚ್.ಡಿ. ಕೋಟೆ ತಾಲ್ಲೂಕಿನ ಹಳ್ಳಿಯವನು. ಹ್ಯಾಂಡ್‌ಪೋಸ್ಟಿನ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಪ್ಲಾಸ್ಟಿಕ್ ಸೈನಿಕರ ಬೊಂಬೆ ಕೂಡಿಡುವುದು ಸ್ಕೂಲಿನ ದಿನಗಳಿಂದ ಬಂದ ಹುಚ್ಚು. ಎಲ್ಲ ಚುಂಚನಕಟ್ಟೆ ಜಾತ್ರೆಯಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡವು. ಯಾವುದೂ 200 ರೂಪಾಯಿ ದಾಟಿಲ್ಲ. ಬರುವ ವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ಅಷ್ಟರೊಳಗೆ ಮೂಟೆ ಕಟ್ಟಿ ಅಟ್ಟಕ್ಕೆ ಹಾಕು ಅಂತಾಳೆ ಅವ್ವ. ಸೇನಾ ಭರ್ತಿಗೆ ಹೋಗಿ, ಎತ್ತರ ಸಾಲದೆ ವಾಪಸಾದವನು ನಾನು. 'ಮಿಲ್ಟ್ರಿಗೆ ಸೇರ್ನಿಲ್ಲ, ಮಿಲ್ಟ್ರಿ ಬೊಂಬೆ ಮಡಿಕಂಡವ್ನೆ' ಅಂತ ಅಪ್ಪ ಎಲ್ಲರೆದುರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಅಟ್ಟಕ್ಕೆ ಹಾಕಬೇಡಿ. ಮದುವೆಯಾದ ಮೇಲೆ ಆ ಮೂಟೆ ಹುಡುಗಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಗ ಬೊಂಬೆಗಿಂತ, ಇನ್ನೇನೇನು ಮುಚ್ಚಿಟ್ಟಿದ್ದಾನೋ ಎಂಬ ಅನುಮಾನವೇ ದೊಡ್ಡದಾಗುತ್ತದೆ.

ಬಂದವರು 'ಇನ್ನೂ ಹುಡುಗಾಟ' ಅಂದುಬಿಟ್ಟಾರು ಎಂಬುದು ಅವ್ವನ ಭಯ. ಅವ್ವನಿಗೆ ದಸರೆಯ ಬೊಂಬೆ ನೆನಪಿಸಿ. ನಮ್ಮ ಮೈಸೂರು ಸೀಮೆಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಗಳ ಕೆಳಗೆ ಆನೆ, ಕುದುರೆ, ಸಿಪಾಯಿಗಳ ಸಾಲು ನಿಲ್ಲುತ್ತದೆ. ಜೋಡಿಸುವವರು ದೊಡ್ಡವರೇ. ಅರಮನೆಯಲ್ಲಿ ಗೊಂಬೆ ತೊಟ್ಟಿಯೇ ಇದೆ. ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ ಕೂಡ ಆಟಿಕೆ ಸೈನಿಕರ ಬಗ್ಗೆ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಪ್ಪನ ಮಾತು. ಎತ್ತರ ಯಾರ ಕೈಯಲ್ಲೂ ಇಲ್ಲ, ಅದರಲ್ಲಿ ನಿಮ್ಮ ತಪ್ಪೂ ಇಲ್ಲ. ಆದರೂ ಆ ದಿನದ ನೋವಿನ ಬಗ್ಗೆ ನೀವಿಬ್ಬರೂ ಒಮ್ಮೆಯೂ ಕೂತು ಮಾತಾಡಿದಂತಿಲ್ಲ. ಬಹುಶಃ ಅಪ್ಪನಿಗೂ ಆ ಆಸೆ ಇತ್ತು. ಗದ್ದೆ ಕಡೆ ಇಬ್ಬರೇ ಹೋದಾಗ, 'ಅಪ್ಪ, ಜನರ ಮುಂದೆ ಹಾಗಂದರೆ ನನಗೆ ನೋವಾಗುತ್ತೆ' ಅಂತ ನೇರವಾಗಿ ಹೇಳಿ. ವಾದ ಬೇಡ, ಅಷ್ಟೇ ಸಾಕು. ನಿದ್ದೆಗೆಡುವಷ್ಟು ಕಾಡುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಆಸೆ ಹುಟ್ಟಿಸಲೇ? ಮೈಸೂರು ಲ್ಯಾನ್ಸರ್ಸ್ ಪಡೆಯನ್ನು ನೀವೇ ಮಾಡಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಊರನ್ನು ತುರ್ಕರಿಂದ ಗೆದ್ದವರು ಜೋಧಪುರದ ಮತ್ತು ನಮ್ಮ ಮೈಸೂರಿನ ಕುದುರೆ ಸವಾರರು. ಮೈಸೂರಿನ ತುಕಡಿಯೊಂದು ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಜಾತ್ರೆಯ ಅಗ್ಗದ ಕುದುರೆಗೆ ಖಾಕಿ ಸವಾರನನ್ನು ಕೂರಿಸಿ, ಬಿದಿರುಕಡ್ಡಿಯ ಈಟಿ ಕೊಡಿ. ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿಗೆ ಹೋದರೆ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಈಗ ಮ್ಯೂಸಿಯಂ. ಅಪ್ಪನನ್ನೂ ಕರೆದುಕೊಂಡು ಹೋಗಿ.

ಹೆಣ್ಣಿನ ಕಡೆಯವರು ಬಂದಾಗ ಧೂಳು ಒರೆಸಿ, ಸಾಲಾಗಿ ಇಟ್ಟಿರಿ. ಹುಡುಗಿಯ ಜೊತೆ ಮಾತಿಗೆ ಅವಕಾಶ ಸಿಕ್ಕರೆ ನೀವೇ ಮೊದಲು ಹೇಳಿ. ತಿಂಗಳಿಗೆ ಎಷ್ಟು ಖರ್ಚು ಅನ್ನುವುದನ್ನೂ ಸೇರಿಸಿ. ಹಾಗೇ ಆಕೆಗೆ ಏನು ಇಷ್ಟ ಎಂದು ಕೇಳಿ. ಅದಕ್ಕೂ ಮನೆಯಲ್ಲಿ ಒಂದು ಅರೆ ಬಿಡಬೇಕಾಗುತ್ತದೆ.